ಮಾರ್ಟಿನ್ ಲೂಥರನೂ ಅವನಿಗೆ ಬಂದ ದಿಗಿಲುಗಳೂ

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ರೈಲು ದಾರಿಯಲ್ಲಿ ಇಂಡಿ ತಾಲೂಕಿನ ಲಚ್ಯಾಣದ ನಿಲ್ದಾಣವಿರುವದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಒಂದು ಜಾತ್ರೆಯ ದಿನ ಆ ನಿಲ್ದಾಣದಲ್ಲಿ ಜನರು ಕಿಕ್ಕಿರಿದು ಗಾಡಿಯನ್ನು ಹತ್ತುತ್ತಿರಲಾಗಿ, ಹತ್ತಿರದ ಹಳ್ಳಿಯವಳೂ ನಮ್ಮ ಸಭೆಯವಳೂ ಆದ ಒಬ್ಬ ಸಹೋದರಿಗೆ ಇದ್ದಕ್ಕಿದ್ದ ಹಾಗೆ ಎದೆ ಡವಡವನೆ ಹೊಡೆದುಕೊಳ್ಳಲಾರಂಭಿಸಿತು. ಮೈಯೆಲ್ಲಾ ಬೆವತಿತು, ಕೈಬೆರಳುಗಳು ಜುಮುಗುಟ್ಟಿದವು, ಗಂಟಲು ಬಿಗಿದು ಉಸಿರು ಸಾಲದಾಯಿತು, ಇನ್ನೊಂದು ಕ್ಷಣದಲ್ಲಿ ತನ್ನ ಪ್ರಾಣವು ಹೋಗುವದೆಂದು ಆಕೆಗೆ ನಿಶ್ಚಯವಾಯಿತು. ಜೊತೆಯವರು ಆಕೆಯನ್ನು ಗಾಡಿಯಿಂದ ಇಳಿಸಿ ಬೇವಿನ ಮರದ ನೆರಳಿನಲ್ಲಿ ಕೂಡ್ರಿಸಿದರು. ಅರ್ಧ ತಾಸಿನೊಳಗೆ ಎಲ್ಲವೂ ಶಾಂತವಾಯಿತು. ಅಷ್ಟರಲ್ಲಿ ಗಾಡಿಯು ಹೋಗಿಬಿಟ್ಟಿತ್ತು. ಹೆದರಿಕೆಯು ಮಾತ್ರ ಹೋಗಲಿಲ್ಲ.

ಓಣಿಯವರು ಗಾಳಿ ಸೋಕಿದೆಯೆಂದು ಹೇಳಿ ನಿಂಬೆಹಣ್ಣು ನಿವಾಳಿಸಿ ಒಗೆದರು. ಇಂಡಿಯ ಸೀಮೆಯಲ್ಲಿ ನಿಂಬೆಹಣ್ಣಿಗೇನು ಬರಗಾಲ! ನಮ್ಮವರೇ ಆದ ಒಬ್ಬ ಹಿರಿಯರು, ವಿಶ್ವಾಸವು ಕಡಿಮೆಯಾದವರಿಗೆ ಹೀಗಾಗುವದೆಂದು ಆಕೆಯ ಮುಂದೆಯೇ ಹೇಳಿದರು. ಈ ಎರಡು ಮದ್ದುಗಳಲ್ಲಿ ಎರಡನೆಯದೇ ಆಕೆಯನ್ನು ಹೆಚ್ಚಾಗಿ ನೋಯಿಸಿತು. ಆ ದಿನದಿಂದ ಆಕೆ ರೈಲನ್ನು ಬಿಟ್ಟಳು. ಕೆಲವು ವಾರಗಳ ಮೇಲೆ ಸಂತೆಯನ್ನು ಬಿಟ್ಟಳು. ಕಡೆಗೆ ಜನರು ಕೂಡುವ ಸ್ಥಳವೆಂದು ಆದಿತ್ಯವಾರದ ಆರಾಧನೆಯನ್ನೂ ಬಿಟ್ಟಳು. ನಾನು ಅವರ ಮನೆಗೆ ಹೋದಾಗ, ದೇವರು ತನ್ನನ್ನು ಕೈಬಿಟ್ಟಿದ್ದಾನೋ ಏನೋ ಎಂದು ಆಕೆ ಕೇಳಿದಳು. ಆಗ ನನಗೆ ನೆನಪಾದವನು ಮಾರ್ಟಿನ್ ಲೂಥರನು. ಚಕ್ರವರ್ತಿಯ ಮುಂದೆ ಎದೆಗೊಟ್ಟು ನಿಂತ ವೀರನೆಂದು ನಾವು ಅವನ ಚರಿತ್ರೆಯನ್ನು ಮಕ್ಕಳಿಗೆ ಕಲಿಸುತ್ತೇವೆ. ಅವನ ಎದೆಯು ನಡುಗಿದ ದಿನಗಳ ಸಂಗತಿಯನ್ನು ಸಾಮಾನ್ಯವಾಗಿ ಹೇಳುವದಿಲ್ಲ. ಆ ಸಂಗತಿಯನ್ನೇ ಇಲ್ಲಿ ಬರೆಯುತ್ತೇನೆ.

ಲೂಥರನು 1483ನೆಯ ಇಸವಿ ನವೆಂಬರ 10ನೆಯ ತಾರೀಖಿನಲ್ಲಿ ಜರ್ಮನಿ ದೇಶದ ಐಸ್ಲೆಬೆನ್ ಎಂಬ ಊರಲ್ಲಿ ಹುಟ್ಟಿದನು. ಅವನ ತಂದೆಯಾದ ಹಾನ್ಸನು ತಾಮ್ರದ ಗಣಿಗಳಲ್ಲಿ ದುಡಿದು ಮೇಲಕ್ಕೆ ಬಂದವನು. ಮಗನು ಕಾಯಿದೆಯನ್ನು ಕಲಿತು ದೊಡ್ಡ ಅಧಿಕಾರಿಯಾಗಬೇಕೆಂದು ಅವನ ಆಶೆ. ಆದರೆ 1505ನೆಯ ಇಸವಿ ಜುಲೈ 2ರಂದು, ಇಪ್ಪತ್ತೊಂದು ವರುಷದ ಲೂಥರನು ತಂದೆತಾಯಿಗಳ ಮನೆಯಿಂದ ಎರ್‌ಫುರ್ಟ್ ಪಟ್ಟಣದ ವಿದ್ಯಾಪೀಠಕ್ಕೆ ತಿರುಗಿ ಹೋಗುತ್ತಿರುವಾಗ, ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿಯಲ್ಲಿ ಮಳೆ ಗುಡುಗುಗಳು ಕವಿದು, ಅವನ ಸಮೀಪದಲ್ಲಿಯೇ ಸಿಡಿಲು ಬಡಿಯಿತು. ಮರಣಭಯದಿಂದ ನಡುಗಿ, ತಾನು ಬದುಕಿದರೆ ಸನ್ಯಾಸಿಯಾಗುವೆನೆಂದು ಅವನು ಸಂತ ಅನ್ನಳಿಗೆ ಹರಕೆ ಹೊತ್ತನು. ಹದಿನೈದು ದಿವಸಗಳಲ್ಲಿ ಅಗಸ್ತೀನನ ಪಂಥದ ಮಠವನ್ನು ಸೇರಿಯೇಬಿಟ್ಟನು. ತಂದೆಯು ಬಹಳ ಸಿಟ್ಟಾದನು. ಸಿಡಿಲಿಗೆ ಹೆದರದವರು ಯಾರು? ಬಯಲಲ್ಲಿ ಒಕ್ಕುವಾಗ ಮುಂಗಾರಿ ಮಳೆಗೆ ಸಿಕ್ಕವರಿಗೆ ಆ ಭಯವು ಗೊತ್ತು. ಅದು ಕಾರಣವುಳ್ಳ ಭಯ. ಲೂಥರನಿಗೆ ಮುಂದೆ ಬಂದವುಗಳು ಬೇರೆ ತರದವು.

1507ನೆಯ ಇಸವಿ ಮೇ 2ರಂದು ಅವನು ಯಾಜಕನಾಗಿ ಮೊದಲನೆಯ ಸಲ ಬಲಿಪೂಜೆಯನ್ನು ನಡಿಸಬೇಕಾಗಿತ್ತು. ಮುನಿಸು ಬಿಟ್ಟ ತಂದೆಯು ಇಪ್ಪತ್ತು ಕುದುರೆಸವಾರರೊಂದಿಗೆ ಆ ಹಬ್ಬಕ್ಕೆ ಬಂದಿದ್ದನು. ಸಿಡಿಲಿಲ್ಲ, ವೈರಿಯಿಲ್ಲ, ಬೆಂಕಿಯಿಲ್ಲ. ಸುತ್ತಲೂ ಬೇಕಾದವರೇ ಇದ್ದಾರೆ. ಆದರೂ ಜೀವಸ್ವರೂಪನಾದ ದೇವರನ್ನು ಕುರಿತು ಮಾತಾಡಬೇಕಾದ ಸ್ಥಳಕ್ಕೆ ಬಂದಾಗ ಲೂಥರನಿಗೆ ಅಂಥ ದಿಗಿಲು ಹತ್ತಿತೆಂದರೆ, ಪೂಜೆಯನ್ನು ಅಲ್ಲಿಗೇ ಬಿಟ್ಟು ಓಡಿಹೋಗಬೇಕೆಂದು ಅವನಿಗೆ ತೋಚಿತು. ಹತ್ತಿರ ನಿಂತಿದ್ದ ಮಠದ ಹಿರಿಯನು ತಡೆದದ್ದರಿಂದ ಹೇಗೋ ಪೂಜೆಯನ್ನು ಮುಗಿಸಿದನು. ಬಹಳ ವರುಷಗಳ ಮೇಲೆ ಲೂಥರನು ಊಟಕ್ಕೆ ಕೂತಾಗ ಇದನ್ನು ತನ್ನ ಶಿಷ್ಯರಿಗೆ ತಾನೇ ಹೇಳಿದನು. ಮುಚ್ಚಿಡಬೇಕೆಂದು ಅವನಿಗೆ ಅನಿಸಲಿಲ್ಲ.

ಇದಕ್ಕಿಂತ ನಮ್ಮ ಲಚ್ಯಾಣದ ಸಂಗತಿಗೆ ಹತ್ತಿರವಾದದ್ದು 1515ನೆಯ ಇಸವಿಯಲ್ಲಿ ಆಯಿತು. ಅಷ್ಟರಲ್ಲಿ ಲೂಥರನು ವಿಟೆನ್‌ಬೆರ್ಗ್ ವಿದ್ಯಾಪೀಠದಲ್ಲಿ ಸತ್ಯವೇದವನ್ನು ಕಲಿಸುವ ಪಂಡಿತನಾಗಿದ್ದನು. ಐಸ್ಲೆಬೆನ್ನಿನಲ್ಲಿ ಒಂದು ಹಬ್ಬದ ಮೆರವಣಿಗೆಯು ಹೊರಟಿತ್ತು. ಅವನ ಗುರುವೂ ಮಠಗಳ ಮೇಲಧಿಕಾರಿಯೂ ಆದ ಸ್ಟೌಪಿಟ್ಸನು ಪವಿತ್ರ ರೊಟ್ಟಿಯನ್ನು ಹೊತ್ತು ನಡೆಯುತ್ತಿದ್ದನು. ಲೂಥರನು ಯಾಜಕನ ನಿಲುವಂಗಿಯನ್ನು ಧರಿಸಿ ಜೊತೆಯಲ್ಲಿ ಹೋಗುತ್ತಿದ್ದನು. ನಡುದಾರಿಯಲ್ಲಿ ಭಯವು ಅವನ ಮೇಲೆ ಬಿದ್ದಿತು. ಮೈಯಿಂದ ಬೆವರು ಸುರಿಯಿತು. ತಾನು ಅಲ್ಲಿಯೇ ಕುಸಿದು ಸಾಯುವೆನೆಂದು ತಿಳಿದನು. ಮೆರವಣಿಗೆ ಮುಗಿದ ಮೇಲೆ ಅವನು ಅದನ್ನು ಸ್ಟೌಪಿಟ್ಸನಿಗೆ ಅರಿಕೆ ಮಾಡಿದನು. ಆ ಮುದುಕನು ಅವನನ್ನು ಗದರಿಸಲಿಲ್ಲ, ನಗಲಿಲ್ಲ. ಕ್ರಿಸ್ತನು ಹೆದರಿಸುವವನಲ್ಲ, ಸಂತೈಸುವವನು. ಆದದರಿಂದ ಅವನನ್ನು ಹೆದರಿಸಿದ್ದು ಕ್ರಿಸ್ತನಾಗಿರಲಾರದೆಂದು ತಿಳಿಸಿದನು. ಈ ಒಂದು ಮಾತನ್ನು ಲೂಥರನು ಸಾಯುವ ವರೆಗೂ ಹಿಡಿದುಕೊಂಡನು. ದಿಗಿಲು ಬಿದ್ದವನಿಗೆ ಯಾವ ತರದ ಹಿರಿಯನು ಬೇಕೆಂಬದಕ್ಕೆ ಸ್ಟೌಪಿಟ್ಸನೇ ದೃಷ್ಟಾಂತ. ಇಂಥವರು ಪ್ರತಿ ಸಭೆಯಲ್ಲಿ ಒಬ್ಬರಿದ್ದರೆ ಸಾಕಾಗಿತ್ತು.

1517ನೆಯ ಇಸವಿ ಅಕ್ಟೋಬರ 31ರಂದು ಪಾಪಪರಿಹಾರದ ಚೀಟಿಗಳ ವ್ಯಾಪಾರಕ್ಕೆ ವಿರೋಧವಾಗಿ 95 ವಾದಗಳನ್ನು ಪ್ರಕಟಿಸಿದ್ದೂ, ಅದರಿಂದ ಸಭಾಸುಧಾರಣೆಯು ಎದ್ದದ್ದೂ ನೀವು ಬಲ್ಲ ಕಥೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. 1521ನೆಯ ಇಸವಿ ಎಪ್ರಿಲ 17ರಂದು ವೊರ್ಮ್ಸ್ ಪಟ್ಟಣದಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯ ಮುಂದೆ ಅವನನ್ನು ನಿಲ್ಲಿಸಿ, ತನ್ನ ಪುಸ್ತಕಗಳನ್ನು ಹಿಂದಕ್ಕೆ ತಕ್ಕೊಳ್ಳುವನೋ ಇಲ್ಲವೋ ಎಂದು ಕೇಳಿದರು. ಆ ದಿನ ಅವನು ಉತ್ತರ ಕೊಡಲಿಲ್ಲವೆಂಬದು ಎಷ್ಟು ಜನರಿಗೆ ಗೊತ್ತು? ಅವನ ಸ್ವರವು ಕುಗ್ಗಿ, ಹತ್ತಿರ ಇದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ. ವಿಚಾರಿಸಲಿಕ್ಕೆ ಸಮಯ ಬೇಕೆಂದು ಬೇಡಿಕೊಂಡನು. ಒಂದು ದಿನದ ಅವಕಾಶವು ಸಿಕ್ಕಿತು. ಮರುದಿನ ಸಾಯಂಕಾಲ, ಜನರು ತುಂಬಿ ಸೆಕೆಯಾದ ಸಭಾಶಾಲೆಯಲ್ಲಿ, ದೇವರ ವಾಕ್ಯಕ್ಕೆ ಕಟ್ಟುಬಿದ್ದಿರುವ ತನ್ನ ಮನಸ್ಸಾಕ್ಷಿಗೆ ವಿರೋಧವಾಗಿ ಏನನ್ನೂ ಹಿಂದಕ್ಕೆ ತಕ್ಕೊಳ್ಳಲಾರೆನೆಂದು ಎಲ್ಲರಿಗೂ ಕೇಳಿಸುವಂತೆ ಉತ್ತರ ಕೊಟ್ಟನು. ನಾವು ಎರಡನೆಯ ದಿನವನ್ನು ಮಾತ್ರ ಹಾಡಿ ಹೊಗಳುತ್ತೇವೆ. ನನಗಾದರೋ ಮೊದಲನೆಯ ದಿನವೂ ಬೇಕು.

ಅನಂತರ ಅವನ ಸ್ನೇಹಿತರು ಅವನನ್ನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿಸಿದರು. ಅಲ್ಲಿ ಅವನು ಹೊಸ ಒಡಂಬಡಿಕೆಯನ್ನು ಸುಮಾರು ಹನ್ನೊಂದು ವಾರಗಳಲ್ಲಿ ಜರ್ಮನ್ ಭಾಷೆಗೆ ತಿರುಗಿಸಿದನು. ಸೈತಾನನ ಮೇಲೆ ಮಸಿಕುಡಿಕೆಯನ್ನು ಎಸೆದನೆಂಬ ಕಥೆಯು ಜನರು ತರುವಾಯ ಕಟ್ಟಿದ್ದು. 1525ನೆಯ ಇಸವಿ ಜೂನ 13ರಂದು ಅವನು ಸನ್ಯಾಸಿನಿಯರ ಮಠವನ್ನು ಬಿಟ್ಟುಬಂದಿದ್ದ ಕಥರೀನಾ ಎಂಬವಳನ್ನು ಮದುವೆಯಾದನು. ಮರುವರುಷ ಹಾನ್ಸನೆಂಬ ಮಗನು ಹುಟ್ಟಿದನು. ಹೀಗೆ ಮನೆಯೂ ಹೆಂಡತಿಯೂ ಕೂಸೂ ಕೀರ್ತಿಯೂ ಇರುವ ಕಾಲದಲ್ಲಿಯೇ, ಅವನ ಜೀವಮಾನದ ಅತಿ ಕಠಿಣವಾದ ದಿಗಿಲು ಬಂತು.

ಆ ದಿನವು 1527ನೆಯ ಇಸವಿ ಜುಲೈ 6, ಶನಿವಾರ. ಅವನ ಸ್ನೇಹಿತರಾದ ಬುಗೆನ್‌ಹಾಗೆನನೂ ಯೋನಾಸನೂ ಅಂದಿನ ಸಂಗತಿಗಳನ್ನು ಬರೆದಿಟ್ಟದ್ದರಿಂದ ತಾಸು ತಾಸಿನ ವಿವರವು ನಮಗೆ ದೊರಕಿದೆ. ಮುಂಜಾನೆ ಎಂಟು ಗಂಟೆಯ ಸುಮಾರಿಗೆ ಲೂಥರನು ಸಭೆಯ ಬೋಧಕನಾದ ಬುಗೆನ್‌ಹಾಗೆನನನ್ನು ಕರೇಕಳುಹಿಸಿದನು. ತನ್ನ ಮನಸ್ಸಿನ ಮೇಲೆ ದೊಡ್ಡ ಅಲೆಯು ಹಾದುಹೋಯಿತೆಂದು ತಿಳಿಸಿ, ಪಾಪಗಳನ್ನು ಅರಿಕೆ ಮಾಡಿ, ದೇವರ ಕ್ಷಮೆಯ ಮಾತನ್ನು ಅವನ ಬಾಯಿಂದ ಕೇಳಿಕೊಂಡನು. ಮಧ್ಯಾಹ್ನ ಕೆಲವು ಶ್ರೀಮಂತರು ಊಟಕ್ಕೆ ಕರೆದಿದ್ದರು. ಹೋಗದೆ ಮನೆಯಲ್ಲಿ ಉಳಿಯಲಿಲ್ಲ, ಹೋದನು. ಸ್ವಲ್ಪವೇ ಉಂಡನು, ಆದರೂ ಎಲ್ಲರೊಂದಿಗೆ ಲವಲವಿಕೆಯಿಂದ ಮಾತಾಡಿದನು. ಅಲ್ಲಿಂದ ಯೋನಾಸನ ತೋಟಕ್ಕೆ ಹೋಗಿ ಎರಡು ತಾಸು ಮನಸ್ಸು ಬಿಚ್ಚಿ ಮಾತಾಡಿ, ಯೋನಾಸನನ್ನೂ ಅವನ ಹೆಂಡತಿಯನ್ನೂ ರಾತ್ರಿಯ ಊಟಕ್ಕೆ ಕರೆದುಬಂದನು.

ಸಾಯಂಕಾಲ ಅತಿಥಿಗಳು ಬಂದಾಗ ಲೂಥರನು ಮಲಗಿದ್ದನು. ಎದ್ದು ಬಂದು ಊಟಕ್ಕೆ ಕೂಡ್ರಬೇಕೆನ್ನುವಷ್ಟರಲ್ಲಿ ಎಡಗಿವಿಯಲ್ಲಿ ಭೋರ್ಗರೆಯುವ ಶಬ್ದವಾಯಿತು. ಮಲಗುವ ಕೋಣೆಗೆ ಹೋಗಬೇಕೆಂದು ಎದ್ದು ಹೊಸ್ತಿಲನ್ನು ದಾಟುತ್ತಲೇ ಬವಳಿ ಬಂದು, ನೀರು ತರದಿದ್ದರೆ ಸತ್ತೆನೆಂದು ಯೋನಾಸನಿಗೆ ಕೂಗಿ ಹೇಳಿದನು. ಯೋನಾಸನು ತಣ್ಣೀರನ್ನು ತಂದು ಮುಖಕ್ಕೂ ಬೆನ್ನಿಗೂ ಎರಚಿದನು. ಲೂಥರನ ಮೈ ಬಿಳಿಚಿ ತಣ್ಣಗಾಯಿತು. ತನ್ನ ಅಂತ್ಯವು ಬಂತೆಂದು ಅವನು ಗಟ್ಟಿಯಾಗಿ ಪ್ರಾರ್ಥಿಸಿದನು. ಹೆಂಡತಿಯನ್ನು ಸಂತೈಸಿದನು, ಕೂಸು ಎಲ್ಲಿ ಎಂದು ಕೇಳಿ, ಅವರಿಬ್ಬರನ್ನೂ ದೇವರ ಕೈಗೆ ಒಪ್ಪಿಸಿದನು. ಬೆಳ್ಳಿಯ ಕೆಲವು ಬಟ್ಟಲುಗಳ ಹೊರತು ಅವರಿಗೆ ಬಿಟ್ಟುಹೋಗಲಿಕ್ಕೆ ತನ್ನ ಬಳಿ ಏನೂ ಇಲ್ಲವೆಂದನು. ಕಥರೀನಾ ಒಳಗೆ ಎಷ್ಟು ಹೆದರಿದ್ದಳೋ, ಹೊರಗೆ ಮಾತ್ರ ಧೈರ್ಯದಿಂದ ನಿಂತಳು. ಅಷ್ಟರಲ್ಲಿ ವೈದ್ಯನಾದ ಅಗಸ್ಟೀನ್ ಷುರ್ಫನು ಬಂದು, ಬಿಸಿ ಮಾಡಿದ ಬಟ್ಟೆಗಳನ್ನು ಅವನ ಮೈಮೇಲೆ ಹಾಕಿಸಿ ಕಾಸಿದನು. ಮೆಲ್ಲಗೆ ಬೆವರು ಬಂತು, ಜೀವಕ್ಕೆ ಹಾಯೆನಿಸಿತು. ಮರುದಿನ ಬಹಳ ಮಟ್ಟಿಗೆ ಚೇತರಿಸಿಕೊಂಡನು.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಅಗಸ್ಟ ತಿಂಗಳ ಆರಂಭದಲ್ಲಿ ಅವನು ತನ್ನ ಗೆಳೆಯನಾದ ಮೆಲಂಕ್ತೋನನಿಗೆ ಬರೆದ ಪತ್ರದಲ್ಲಿ, ತಾನು ಒಂದು ವಾರಕ್ಕಿಂತ ಹೆಚ್ಚಾಗಿ ಮರಣದಲ್ಲಿಯೂ ಪಾತಾಳದಲ್ಲಿಯೂ ಹೊರಳಾಡಿದ್ದಾಗಿಯೂ, ಕೈಕಾಲುಗಳು ಇನ್ನೂ ನಡುಗುತ್ತಿರುವದಾಗಿಯೂ, ಕ್ರಿಸ್ತನೇ ಇಲ್ಲವಾದಂತೆ ತೋರಿದ್ದಾಗಿಯೂ ತಿಳಿಸಿದನು. ಲೋಕಕ್ಕೆ ವಿಶ್ವಾಸವನ್ನು ಬೋಧಿಸಿದವನು ಹೀಗೆ ಬರೆದನು! ನಮ್ಮ ಸಹೋದರಿಗೆ ವಿಶ್ವಾಸ ಸಾಲದೆಂದು ಹೇಳಿದ ಹಿರಿಯರು ಈ ಪತ್ರದ ಸಂಗತಿಯನ್ನು ಕೇಳಿದ್ದರೆ ಏನನ್ನುತ್ತಿದ್ದರೋ!

ಇದೇನು ರೋಗವೆಂದು ನೀವು ಕೇಳಬಹುದು. ಸುಮಾರು ಐನೂರು ವರುಷಗಳ ಹಿಂದೆ ಬದುಕಿದವನ ನಾಡಿಯನ್ನು ಈಗ ಹಿಡಿದು ನೋಡಲಾಗದು. ಕಿವಿಯ ಶಬ್ದವನ್ನೂ ಬವಳಿಯನ್ನೂ ನೋಡಿ, ಅವನಿಗೆ ಒಳಗಿವಿಯ ರೋಗವಿತ್ತೆಂದು ಕೆಲವು ವೈದ್ಯರು ಊಹಿಸುತ್ತಾರೆ, ಅದು ಇದ್ದಿರಲೂಬಹುದು. ಆದರೆ ಅದರೊಂದಿಗೆ ಬಂದ ಆ ಮರಣಭಯವು, ಮೆರವಣಿಗೆಯಲ್ಲಿ ಬಂದ ಆ ಬೆವರು, ಪೂಜೆಯ ನಡುವೆ ಓಡಿಹೋಗಬೇಕೆನಿಸಿದ ಆ ತವಕ, ಇವುಗಳನ್ನು ಇಂದಿನ ವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಕರೆಯುವ ಗಾಬರಿಯ ಲಕ್ಷಣಗಳಲ್ಲಿ ಎಣಿಸುತ್ತಾರೆ.

ಅದು ಆಗುವ ಬಗೆ ಹೇಗಂದರೆ: ಅಪಾಯ ಬಂದಾಗ ಓಡಲಿಕ್ಕಾಗಲಿ ಕಾದಾಡಲಿಕ್ಕಾಗಲಿ ಬಲವು ಬರುವಂತೆ ದೇವರು ನಮ್ಮ ದೇಹದಲ್ಲಿ ಒಂದು ಏರ್ಪಾಡನ್ನು ಇಟ್ಟಿದ್ದಾನೆ. ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರಿ, ಎದೆಯು ಬೇಗ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಬೆವರು ಬರುತ್ತದೆ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ಕೂತ ಕಾವಲುಗಾರನು ಹಂದಿಗಳು ಬಂದವೆಂದು ಕೂಗಿದರೆ ಊರವರೆಲ್ಲಾ ಬಡಿಗೆ ಹಿಡಿದು ಬರುತ್ತಾರಷ್ಟೆ. ಒಮ್ಮೊಮ್ಮೆ ಗಾಳಿಗೆ ದಂಟು ಸರಸರ ಎಂದದ್ದಕ್ಕೇ ಅವನು ಕೂಗಿಬಿಡುತ್ತಾನೆ. ಜನರು ಬಂದದ್ದು ನಿಜ, ಬಡಿಗೆಗಳು ನಿಜ, ಹಂದಿ ಮಾತ್ರ ಇಲ್ಲ. ಗಾಬರಿಯಲ್ಲಿ ಉಸಿರನ್ನು ಮೇಲಿಂದ ಮೇಲೆ ಎಳೆದುಕೊಳ್ಳುವದರಿಂದ ರಕ್ತದೊಳಗಿನ ಇಂಗಾಲಾಮ್ಲವಾಯು ಕಡಿಮೆಯಾಗಿ ಬೆರಳುಗಳು ಜುಮುಗುಟ್ಟುತ್ತವೆ, ತಲೆ ತಿರುಗುತ್ತದೆ. ಅದನ್ನು ಕಂಡು ರೋಗಿಯು ಇನ್ನೂ ಹೆದರುತ್ತಾನೆ. ಹೆದರಿದಷ್ಟೂ ಉಸಿರು ಹೆಚ್ಚುತ್ತದೆ. ಈ ಗಾಬರಿಯು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುದಿಗೇರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದರಿಂದ ಯಾರೂ ಹುಚ್ಚರಾಗುವದಿಲ್ಲ. ಕೆಡುಕಾಗುವದು ಮುಂದಿನ ಹೆಜ್ಜೆಯಿಂದ: ಗಾಬರಿಯಾದ ಸ್ಥಳವನ್ನು ಬಿಟ್ಟು ಓಡಿದವನು ಆ ಸ್ಥಳವೇ ಅಪಾಯವೆಂದು ಕಲಿತುಕೊಳ್ಳುತ್ತಾನೆ. ಇಂದು ರೈಲು, ನಾಳೆ ಸಂತೆ, ನಾಡದು ದೇವಾಲಯ. ಕಡೆಗೆ ಮನೆಯ ನಾಲ್ಕು ಗೋಡೆಗಳು ಮಾತ್ರ ಉಳಿಯುತ್ತವೆ.

ಲೂಥರನು ಇವೆಲ್ಲವನ್ನು ಸೈತಾನನ ಕೆಲಸವೆಂದು ತಿಳಿದನು. ಅವನ ಕಾಲದ ಅನೇಕರು ಹಾಗೆಯೇ ತಿಳಿದಿದ್ದರು. ನಮ್ಮ ಹಳ್ಳಿಗಳಲ್ಲಿ ದೆವ್ವ ಬಡಿದಿದೆಯೆಂಬ ಮಾತಿನಿಂದ ಎಷ್ಟು ಹೆಣ್ಣುಮಕ್ಕಳು ಬೇವಿನ ಬರಲಿನ ಏಟು ತಿಂದಿದ್ದಾರೆಂಬದನ್ನು ನಾನು ಕಂಡಿರುವದರಿಂದ, ಈ ಒಂದು ವಿಷಯದಲ್ಲಿ ಅವನ ಮಾತನ್ನು ಬೋಧಕರು ಹಾಗೆಯೇ ಎತ್ತಿ ಆಡಬಾರದೆಂಬದು ನನ್ನ ಅಭಿಪ್ರಾಯ. ಅವನು ಮಾಡಿದ್ದನ್ನಾದರೋ ಗಮನಿಸಬೇಕು. ಒಂದೇ ದಿನದಲ್ಲಿ ಅವನ ಮನೆಗೆ ಬೋಧಕನೂ ಬಂದನು, ವೈದ್ಯನೂ ಬಂದನು. ಇಬ್ಬರಲ್ಲಿ ಒಬ್ಬನು ಸಾಕೆಂದು ಅವನು ಹೇಳಲಿಲ್ಲ.

ಮೈಯ ನಡುಕವು ನಿಂತಿತ್ತೋ ಇಲ್ಲವೋ, ಆ ಅಗಸ್ಟ ತಿಂಗಳಲ್ಲಿಯೇ ವಿಟೆನ್‌ಬೆರ್ಗಿಗೆ ಪ್ಲೇಗು ಬಂತು. ವಿದ್ಯಾಪೀಠವನ್ನು ಯೇನಾ ಎಂಬ ಪಟ್ಟಣಕ್ಕೆ ಸಾಗಿಸಿದರು. ಲೂಥರನೂ ಹೋಗಬೇಕೆಂದು ಅರಸನಾದ ಯೋಹಾನನು ಅಪ್ಪಣೆ ಕಳುಹಿಸಿದನು. ಹೆಂಡತಿಯು ಗರ್ಭಿಣಿ, ಮಗನಿಗೆ ಒಂದು ವರುಷ, ತನಗೋ ಎದ್ದು ನಿಂತರೆ ಬವಳಿ. ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹೋಗಲಿಲ್ಲ. ಬುಗೆನ್‌ಹಾಗೆನನೊಂದಿಗೆ ಊರಲ್ಲಿ ಉಳಿದು, ಪ್ರಸಂಗ ಮಾಡುತ್ತಾ, ರೋಗಿಗಳನ್ನು ನೋಡುತ್ತಾ, ಸತ್ತವರನ್ನು ಮಣ್ಣು ಮಾಡುತ್ತಾ ಇದ್ದನು. ಊರಿನ ಅಧಿಕಾರಿಯೊಬ್ಬನ ಹೆಂಡತಿಯು ಹೆಚ್ಚುಕಡಿಮೆ ಅವನ ತೋಳುಗಳಲ್ಲಿಯೇ ಪ್ರಾಣಬಿಟ್ಟಳು. ಅವನನ್ನು ಕಾಸಿ ಬದುಕಿಸಿದ ವೈದ್ಯ ಷುರ್ಫನ ಹೆಂಡತಿಯೂ ಅವನ ಮನೆಯಲ್ಲಿಯೇ ಕಾಯಿಲೆ ಬಿದ್ದಳು. ಮಗನಾದ ಹಾನ್ಸನು ದಿನಗಟ್ಟಲೆ ಉಣ್ಣಲಿಲ್ಲ. ಬುಗೆನ್‌ಹಾಗೆನನ ತಂಗಿಯು ಹೆರಿಗೆಯಲ್ಲಿ ರೋಗದಿಂದ ಸತ್ತಮೇಲೆ ಅವನ ಮನೆಯವರೂ ಲೂಥರನ ಮನೆಗೇ ಬಂದು ಸೇರಿದರು. ಮನೆಯೆಂಬದು ದವಾಖಾನೆಯಾಯಿತು. ಈ ದಿನಗಳಲ್ಲಿ ಅವನ ದಿಗಿಲುಗಳು ನಿಂತಿದ್ದವೆಂದು ತಿಳಿಯಬೇಡಿರಿ. ತನಗೋಸ್ಕರ ಪ್ರಾರ್ಥಿಸಬೇಕೆಂದು ಬೇಡಿಕೊಳ್ಳುವ ಅವನ ಪತ್ರಗಳು ಆ ಚಳಿಗಾಲದ ತನಕ ಹೋಗುತ್ತಲೇ ಇದ್ದವು. ಡಿಸೆಂಬರ 10ರಂದು ಕಥರೀನಳಿಗೆ ಎಲಿಸಬೇತ್ ಎಂಬ ಮಗಳು ಹುಟ್ಟಿದಳು. ಆ ಕೂಸು ಮರುವರುಷ ಅಗಸ್ಟ ತಿಂಗಳಲ್ಲಿ ತೀರಿಕೊಂಡಿತು.

ಪ್ಲೇಗಿನಿಂದ ಓಡಿಹೋಗುವದು ಕ್ರೈಸ್ತನಿಗೆ ಯುಕ್ತವೋ ಎಂದು ಬ್ರೆಸ್ಲೌ ಪಟ್ಟಣದ ಬೋಧಕರು ಕೇಳಿದ್ದಕ್ಕೆ ಅವನು ಆಗ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಅದರಲ್ಲಿ ವೀರಾವೇಶವಿಲ್ಲ. ಮರಣಕ್ಕೆ ಹೆದರುವದೂ ಪ್ರಾಣವನ್ನು ಉಳಿಸಿಕೊಳ್ಳುವದೂ ಮನುಷ್ಯನಿಗೆ ಸಹಜವೆಂದೂ, ನೆರೆಯವನನ್ನು ನೋಡುವವರು ಇದ್ದರೆ ಹೋಗುವವನು ಹೋಗಲೆಂದೂ, ಬೋಧಕನೂ ಅಧಿಕಾರಿಯೂ ರೋಗಿಯ ಆರೈಕೆಯನ್ನು ಹೊತ್ತವನೂ ಮಾತ್ರ ತಮ್ಮ ಸ್ಥಳವನ್ನು ಬಿಡಬಾರದೆಂದೂ, ಔಷಧವನ್ನು ತಕ್ಕೊಂಡು ಮನೆಯನ್ನು ಧೂಪಿಸಿ, ಅವಶ್ಯವಿಲ್ಲದಲ್ಲಿ ಹೋಗದೆ ಇರಬೇಕೆಂದೂ ಬರೆದನು. ತನ್ನ ಹೆದರಿಕೆಯನ್ನು ಬಲ್ಲವನಾದದರಿಂದಲೇ ಇತರರ ಹೆದರಿಕೆಯನ್ನು ಅವನು ಪಾಪವೆಂದು ಕರೆಯಲಿಲ್ಲವೆಂದು ನನಗೆ ತೋರುತ್ತದೆ.

ವರುಷಗಳು ಹೋದ ಹಾಗೆ, ದಿಗಿಲು ಬಿದ್ದವರು ಅವನನ್ನು ಹುಡುಕಿಕೊಂಡು ಬರಲಾರಂಭಿಸಿದರು. ಬರಲಾರದವರಿಗೆ ಪತ್ರ ಬರೆದನು. ಅವನ ಮನೆಯಲ್ಲಿದ್ದು ಮಗನಿಗೆ ಪಾಠ ಹೇಳುತ್ತಿದ್ದ ಹಿಯೆರೋನಿಮುಸ್ ವೆಲ್ಲರನೆಂಬ ತರುಣನು ಬಹು ಅಂಜುಬುರುಕನೂ ಮನೋವ್ಯಥೆಯುಳ್ಳವನೂ ಆಗಿದ್ದನು. 1530ನೆಯ ಇಸವಿಯಲ್ಲಿ ಲೂಥರನು ಕೋಬುರ್ಗ್ ಕೋಟೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಗಿ ಬಂದಾಗ, ತನ್ನ ತಲೆಯಲ್ಲಿಯೂ ಗುಡುಗಿನಂಥ ಶಬ್ದವು ಎದ್ದು ಓದಲಿಕ್ಕಾಗದ ದಿನಗಳಲ್ಲಿ, ಈ ವೆಲ್ಲರನಿಗೆ ಪತ್ರಗಳನ್ನು ಬರೆದನು. ಒಂಟಿಯಾಗಿರಬಾರದು, ಆ ವಿಚಾರಗಳೊಂದಿಗೆ ವಾದಕ್ಕೆ ಕೂಡ್ರಬಾರದು, ಜನರ ನಡುವೆ ಹೋಗಿ ನಕ್ಕು ಮಾತಾಡಬೇಕು, ತಾನೂ ಒಂದು ಕಾಲದಲ್ಲಿ ಇದೇ ತೊಂದರೆಯಲ್ಲಿ ಸ್ಟೌಪಿಟ್ಸನ ಬಳಿಗೆ ಹೋಗಿದ್ದೆನು ಎಂದು ತಿಳಿಸಿದನು. ಹೆಚ್ಚಾಗಿ ಕುಡಿಯಬೇಕೆಂದೂ ಆ ಪತ್ರದಲ್ಲಿದೆ. ಬೀರು ನೀರಿನಂತೆ ಹರಿಯುತ್ತಿದ್ದ ದೇಶದ ಮಾತು ಅದು, ನಮಗೆ ಬೇಡ. ಕುಡಿತದಿಂದ ಗಾಬರಿಯು ಒಂದು ರಾತ್ರಿ ಅಡಗಿ ಮರುದಿನ ಎರಡರಷ್ಟಾಗಿ ಏಳುತ್ತದೆಂದು ವೈದ್ಯರು ಈಗ ಬಲ್ಲರು; ಕುಡುಕರ ಮನೆಯವರು ಮೊದಲೇ ಬಲ್ಲರು.

ವೆಲ್ಲರನ ಸಹೋದರನಾದ ಮತ್ತೀಯನು ವಾದ್ಯ ನುಡಿಸುವವನು. ಅವನಿಗೂ ಇದೇ ವ್ಯಥೆ. ದುಃಖವು ಬಂದೊಡನೆ ಎದ್ದು ವಾದ್ಯದ ಮುಂದೆ ಕೂತು, ಅದು ಹೋಗುವ ತನಕ ನುಡಿಸಿ ಹಾಡಬೇಕೆಂದು 1534ರಲ್ಲಿ ಅವನಿಗೆ ಬರೆದನು. ಅದೇ ವರುಷ ಅನ್‌ಹಾಲ್ಟಿನ ಯೋವಾಕೀಮ ಪ್ರಭುವಿಗೆ, ಕೋಣೆಯಲ್ಲಿ ಕೂಡ್ರದೆ ಕುದುರೆ ಹತ್ತಿ ಬೇಟೆಗೆ ಹೋಗಬೇಕೆಂದೂ ಒಳ್ಳೆಯವರ ಸಹವಾಸದಲ್ಲಿರಬೇಕೆಂದೂ ಬರೆದನು. ತಾನೂ ಹಾಗೆಯೇ ಮಾಡುತ್ತಿದ್ದನು. ಲ್ಯೂಟ್ ಎಂಬ ತಂತಿವಾದ್ಯವನ್ನು ನುಡಿಸುವನು; ತೋಟದಲ್ಲಿ ಅಗೆಯುವನು; ನ್ಯೂರೆಂಬರ್ಗಿನ ಗೆಳೆಯನಿಂದ ಬೀಜಗಳನ್ನೂ ಕಟ್ಟಿಗೆ ಕಡೆಯುವ ಹತ್ಯಾರಗಳನ್ನೂ ತರಿಸಿ, ಆಳಿನೊಂದಿಗೆ ಕೂತು ಬಡಿಗತನವನ್ನು ಕಲಿತನು. ಒಂಟಿಯಾಗಿರುವದಕ್ಕಿಂತ ಹಂದಿಗಳ ಬಳಿಗಾದರೂ ಹೋಗುವದು ಲೇಸೆಂದು ಅವನು ತನ್ನ ಮನೆಯ ಪಂಕ್ತಿಯಲ್ಲಿ ಹೇಳುತ್ತಿದ್ದನು. 46ನೆಯ ಕೀರ್ತನೆಯ ಆಧಾರದಿಂದ ಅವನು ಕಟ್ಟಿದ ದುರ್ಗದ ಹಾಡು ಈ ಕಷ್ಟದ ವರುಷಗಳದ್ದೇ. 1529ರೊಳಗೆ ಅದು ಅಚ್ಚಾಗಿತ್ತು. ಧೈರ್ಯಶಾಲಿಯ ಹಾಡೆಂದು ನಾವು ಅದನ್ನು ಎದೆಯುಬ್ಬಿಸಿ ಹಾಡುತ್ತೇವೆ. ಕಟ್ಟಿದವನ ಕೈಕಾಲು ನಡುಗುತ್ತಿದ್ದ ಕಾಲವನ್ನು ನೆನಸಿ ಒಮ್ಮೆ ಮೆಲ್ಲಗೆ ಹಾಡಿ ನೋಡಿರಿ.

ಅವನು ಎಲ್ಲದರಲ್ಲಿಯೂ ಒಳ್ಳೆಯವನಾಗಿದ್ದನೆಂದು ನಾನು ಬರೆಯಲಾರೆ. 1525ರಲ್ಲಿ ದಂಗೆಯೆದ್ದ ಒಕ್ಕಲಿಗರನ್ನು ಕುರಿತೂ, 1543ರಲ್ಲಿ ಯೆಹೂದ್ಯರನ್ನು ಕುರಿತೂ ಅವನು ಬರೆದ ಮಾತುಗಳು ಕ್ರೂರವಾದವುಗಳು; ಅವುಗಳಿಂದ ಬಹು ಕೇಡಾಯಿತು. 1534ರಲ್ಲಿ ಸಂಪೂರ್ಣ ಸತ್ಯವೇದವನ್ನು ತನ್ನ ಜನರ ಭಾಷೆಯಲ್ಲಿ ಕೊಟ್ಟನು. 1542ರಲ್ಲಿ ಹದಿಮೂರು ವರುಷದ ಮಗಳಾದ ಮಗ್ದಲೇನಳು ಅವನ ತೋಳುಗಳಲ್ಲಿ ಸತ್ತಳು. ದಿಗಿಲುಗಳು ಕಡೆಯ ತನಕ ಆಗಾಗ್ಗೆ ಬರುತ್ತಿದ್ದವು, ಹೋಗುತ್ತಿದ್ದವು. 1546ನೆಯ ಇಸವಿ ಫೆಬ್ರುವರಿ 18ರಂದು, ಹುಟ್ಟಿದ ಊರಾದ ಐಸ್ಲೆಬೆನ್ನಿನಲ್ಲಿಯೇ, ಜಗಳವಾಡಿದ ಪ್ರಭುಗಳನ್ನು ಒಂದು ಮಾಡಲಿಕ್ಕೆ ಹೋದವನು ತನ್ನ 62ನೆಯ ವಯಸ್ಸಿನಲ್ಲಿ ತೀರಿಕೊಂಡನು. ಹತ್ತಿರದಲ್ಲಿ ಯೋನಾಸನಿದ್ದನು, ಹತ್ತೊಂಭತ್ತು ವರುಷಗಳ ಹಿಂದೆ ಆ ತಣ್ಣೀರನ್ನು ಎರಚಿದವನು ಅವನೇ.

ನಮ್ಮ ಸಹೋದರಿಗೆ ಈ ಕಥೆಯನ್ನು ಮೂರು ಸಾರೆ ಹೇಳಬೇಕಾಯಿತು; ಮೆರವಣಿಗೆಯ ಭಾಗವನ್ನು ಆಕೆ ತಿರಿತಿರಿಗಿ ಕೇಳಿದಳು. ಮೊದಲು ಆಕೆಯನ್ನು ವಿಜಯಪುರಕ್ಕೆ ಬಾಡಿಗೆಯ ಮೋಟಾರಿನಲ್ಲಿ ಕರಕೊಂಡು ಹೋದೆವು. ಯಾಕಂದರೆ ಎದೆಯ ರೋಗವೂ, ಥೈರಾಯ್ಡ್ ಗ್ರಂಥಿಯ ದೋಷವೂ, ರಕ್ತ ಕಡಿಮೆಯಾದದ್ದೂ ಇದೇ ತರ ತೋರಬಹುದು. ಎದೆನೋವು ಬಂದವರಿಗೆ ಇದು ಬರೇ ಗಾಬರಿಯೆಂದು ಮನೆಯಲ್ಲಿ ತೀರ್ಪು ಹೇಳಬಾರದು. ವೈದ್ಯರು ಪರೀಕ್ಷಿಸಿ ಎದೆಯು ಗಟ್ಟಿಯಾಗಿದೆಯೆಂದರು. ಗಾಬರಿ ಬಂದಾಗ ಉಸಿರನ್ನು ಮೂಗಿನಿಂದ ಮೆಲ್ಲಗೆ ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಕೆಂದೂ, ಇದ್ದ ಸ್ಥಳದಲ್ಲಿಯೇ ನಿಂತು ಅದು ಇಳಿಯುವದನ್ನು ಕಾಯಬೇಕೆಂದೂ, ಬಿಟ್ಟ ಸ್ಥಳಗಳಿಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿ ಹೋಗಬೇಕೆಂದೂ, ಚಹಾ ಕಡಿಮೆ ಮಾಡಬೇಕೆಂದೂ ಹೇಳಿದರು. ಇಷ್ಟರಿಂದ ಆಗದವರಿಗೆ ಮಾತಿನ ಚಿಕಿತ್ಸೆಯೂ ಗುಳಿಗೆಗಳೂ ಉಂಟು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ವೈದ್ಯರಿದ್ದಾರೆ. ಅಷ್ಟು ದೂರ ಹೋಗಲಾರದವರು 14416 ಎಂಬ ಅಂಕೆಗೆ ಫೋನು ಮಾಡಿದರೆ, 2022ರಿಂದ ಸರಕಾರವು ನಡಿಸುವ ಟೆಲಿ ಮಾನಸ್ ಎಂಬ ಸಹಾಯದವರು ಹಗಲಿರುಳು ಕನ್ನಡದಲ್ಲಿ ಮಾತಾಡುತ್ತಾರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಆಕೆ ಮೊದಲು ಕೆಲವು ದಿನ ನಾದಿನಿಯ ಜೊತೆಗೆ ಲಚ್ಯಾಣದ ನಿಲ್ದಾಣಕ್ಕೆ ಹೋಗಿ, ಗಾಡಿಗಳು ಬಂದು ಹೋಗುವದನ್ನು ನೋಡುತ್ತಾ ಸುಮ್ಮನೆ ಕೂತು ಬಂದಳು. ಊರವರು ನಕ್ಕರು. ಒಂದು ದಿನ ಇಬ್ಬರೂ ಇಂಡಿ ರೋಡಿನ ವರೆಗೆ ಟಿಕೀಟು ತೆಗೆಸಿ ಗಾಡಿ ಹತ್ತಿದರು. ನಡುವೆ ದಿಗಿಲು ಬಂತು. ನಾದಿನಿಯ ಕೈಹಿಡಿದು, ಉಸಿರು ಬಿಡುವಾಗೆಲ್ಲಾ ಹಾಡಿನ ಒಂದೊಂದು ಸಾಲನ್ನು ಮನಸ್ಸಿನಲ್ಲಿಯೇ ಹೇಳಿಕೊಂಡಳಂತೆ; ನಾಲ್ಕು ಚರಣ ಮುಗಿಯುವಷ್ಟರಲ್ಲಿ ದಿಗಿಲು ಇಳಿಯಿತು. ಇಂಡಿ ರೋಡಿನಲ್ಲಿ ನಾದಿನಿಯು ಚಹಾ ಕುಡಿದಳು, ಆಕೆ ಹಾಲು ಕುಡಿದಳು. ಮುಂದಿನ ಗಾಡಿಗೆ ತಿರುಗಿ ಬಂದರು. ಈಗ ಆದಿತ್ಯವಾರಗಳಲ್ಲಿ ದೇವಾಲಯಕ್ಕೆ ಬರುತ್ತಾಳೆ. ಬಾಗಿಲ ಹತ್ತಿರವೇ ಕೂಡ್ರುತ್ತಾಳೆ. ಸೊಲ್ಲಾಪುರಕ್ಕೆ ಇನ್ನೂ ಹೋಗಿಲ್ಲ.